ಮಳೆಗಾಲದ ಕೊಡಗಿಗೆ ಕ್ಯಾಮೆರಾ ಕೊಂಡು ಕೆಟ್ಟೆ: ನೀವು ಲೆನ್ಸಿನ ತಳ ನೋಡಿ ಕೊಳ್ಳಿ

ಪ್ರವಾಸದಲ್ಲಿ ವಿಡಿಯೊ ಮತ್ತು ಫೋಟೊ ಎರಡಕ್ಕೂ ಒದಗುವ ಒಂದೇ ಕ್ಯಾಮೆರಾವನ್ನು ಹುಡುಕುತ್ತಿರುವವರು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಡಗಿನಲ್ಲಿ ಅದನ್ನು ಬಳಸಬೇಕೆಂದಿರುವವರು, ಹಣ ಎಣಿಸುವ ಮುನ್ನ ಈ ಬರಹವನ್ನು ಓದಬೇಕೆಂದು ಕೋರುತ್ತೇನೆ. ನಾನು ಸೋಮವಾರಪೇಟೆ ಕಡೆಯವನು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ, ಗೂಟಕ್ಕೆ ತೂಗುಹಾಕಿದ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಹುಟ್ಟಿ ಬೆಳೆದವನು. ಹಾಗಿದ್ದೂ, ಜಾಹೀರಾತಿನಲ್ಲಿ ಕ್ಯಾಮೆರಾದ ಮೇಲೆ ಮಳೆಹನಿ ಜಾರುತ್ತಿರುವ ಚಿತ್ರ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಮರೆತೆ.

ಕಳೆದ ವರ್ಷ ಚಿಕ್ಕಪ್ಪನ ಮಗನೊಡನೆ ಸೇರಿ, ಮಲ್ಲಳ್ಳಿಯಿಂದ ತಲಕಾವೇರಿಯವರೆಗೆ ಒಂದು ಮಳೆಗಾಲವನ್ನು ಚಿತ್ರೀಕರಿಸಿ, ಮಡಿಕೇರಿ ದಸರೆಯ ರಾತ್ರಿಯೊಂದಿಗೆ ಮುಗಿಸಬೇಕೆಂದು ಯೋಜಿಸಿದ್ದೆ. ಅದಕ್ಕಾಗಿ ಬೆಂಗಳೂರಿನ ಅಂಗಡಿಯೊಂದರಲ್ಲಿ, ಅಧಿಕೃತ ಮಾರಾಟಗಾರರು ಹೇಳಿದ್ದಕ್ಕಿಂತ 14,000 ರೂಪಾಯಿ ಕಡಿಮೆಗೆ, ಒಂದು ಮಿರರ್‌ಲೆಸ್ ಬಾಡಿಯನ್ನೂ (ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾವನ್ನು) ಅದರೊಂದಿಗೆ ಬರುವ 18–55 ಮಿಲಿಮೀಟರಿನ ಕಿಟ್ ಲೆನ್ಸನ್ನೂ ನಗದು ಕೊಟ್ಟು ತಂದೆ. ಬಿಲ್ ಕೇಳಿದಾಗ ಅಂಗಡಿಯವರು ನಕ್ಕರು: “ಸರ್, ಬಿಲ್ ಬೇಕು ಅಂದ್ರೆ ಈ ರೇಟು ಬರಲ್ಲ. ವಾರಂಟಿ ನಾವೇ ಕೊಡ್ತೀವಲ್ಲ, ಅಂಗಡಿ ಎಲ್ಲಿಗೆ ಹೋಗುತ್ತೆ?” ಅಂಗಡಿ ಎಲ್ಲಿಗೂ ಹೋಗಲಿಲ್ಲ, ಈಗಲೂ ಅಲ್ಲಿಯೇ ಇದೆ. ಆದರೆ ಅವರು ನನ್ನ ಫೋನ್ ಎತ್ತುವುದನ್ನು ನಿಲ್ಲಿಸಿದ್ದಾರೆ.

ಮೊದಲ ಪೆಟ್ಟು ಮಲ್ಲಳ್ಳಿಯಲ್ಲಿ ಬಿದ್ದಿತು. ಪುಷ್ಪಗಿರಿಯ ತಪ್ಪಲಿನಲ್ಲಿ ಕುಮಾರಧಾರೆ ಧುಮುಕುವ ಆ ಜಾಗಕ್ಕೆ ನೂರಾರು ಮೆಟ್ಟಿಲಿಳಿದು, ಕಾಲಿಗೆ ಹತ್ತಿದ ಇಂಬಳಗಳನ್ನು ಕಿತ್ತೆಸೆಯುತ್ತಾ ತಲುಪಿ, ಟ್ರೈಪಾಡ್ ನಿಲ್ಲಿಸಿ ನೋಡಿದರೆ, ಫೋಟೊದಲ್ಲಿ ಪೂರ್ತಿ ಹಿಡಿಸುತ್ತಿದ್ದ ಜಲಪಾತದಲ್ಲಿ, ಹೆಚ್ಚು ಸ್ಪಷ್ಟತೆಯ 4ಕೆ ವಿಡಿಯೊ ಒತ್ತಿದೊಡನೆ ನಡುಭಾಗ ಮಾತ್ರ ಉಳಿಯಿತು. ಕೆಲವು ಕ್ಯಾಮೆರಾಗಳು 4ಕೆ ಚಿತ್ರೀಕರಣಕ್ಕೆ, ಬೆಳಕನ್ನು ಹಿಡಿಯುವ ಸೆನ್ಸರಿನ ನಡುವಿನ ಭಾಗವನ್ನಷ್ಟೇ ಬಳಸುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಕ್ಯಾಮೆರಾದಲ್ಲಿದ್ದಂಥ ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಮೇಲೆ 18 ಮಿಲಿಮೀಟರ್ ಲೆನ್ಸು, ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿನ ಮೇಲಿನ ಸುಮಾರು 27 ಮಿಲಿಮೀಟರಿಗೆ ಸಮನಾದ ನೋಟವನ್ನು ಕೊಡುತ್ತದೆ. 4ಕೆಯಲ್ಲಿ ಮತ್ತೆ ಒಂದೂವರೆ ಪಟ್ಟು ಕ್ರಾಪ್ ಆದರೆ ಅದು 40ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಅಂದರೆ ಅಗಲ ನೋಟದ ಲೆನ್ಸು ಅಗಲ ನೋಟದ್ದಾಗಿಯೇ ಉಳಿಯುವುದಿಲ್ಲ. ಕೈನಡುಕ ತಡೆಯುವ ಎಲೆಕ್ಟ್ರಾನಿಕ್ ಸೌಲಭ್ಯವನ್ನು ಆನ್ ಮಾಡಿದರೆ ಅಂಚುಗಳು ಇನ್ನಷ್ಟು ಹೋಗುತ್ತವೆ. ಆದ್ದರಿಂದ ಅಂಗಡಿಯಲ್ಲಿ ನಿಂತಾಗಲೇ ಫೋಟೊ ಮೋಡಿನಲ್ಲಿ ಎದುರಿನ ಕಪಾಟನ್ನು ನೋಡಿ, ಕೂಡಲೇ 4ಕೆಗೆ ಬದಲಿಸಿ, ಕಪಾಟು ಎಷ್ಟು ಕತ್ತರಿಸಿಹೋಯಿತೆಂದು ನೋಡಿಕೊಳ್ಳಿ. ಅರ್ಧ ನಿಮಿಷದ ಕೆಲಸವಿದು.

ನಿಜವಾದ ನಷ್ಟ ಆದದ್ದು ಭಾಗಮಂಡಲದ ಕಡೆಗೆ ಹೋದಾಗ. ತ್ರಿವೇಣಿ ಸಂಗಮ ತುಂಬಿ ಹರಿಯುತ್ತಿದ್ದ ದಿನಗಳವು. ಜಡಿಮಳೆಯಲ್ಲಿ ಕ್ಯಾಮೆರಾವನ್ನು ಹೊರಗೆ ತೆಗೆಯುವಷ್ಟು ಅವಿವೇಕಿ ನಾನಲ್ಲ; ಕೊಡೆಯಡಿಯಲ್ಲಿ, ಮಳೆ ಬಿಟ್ಟ ಹೊತ್ತಿನಲ್ಲಿ ಮಾತ್ರ ತೆಗೆಯುತ್ತಿದ್ದೆ. ಆದರೆ ತಲಕಾವೇರಿಯ ಎತ್ತರದಲ್ಲಿ ಮಳೆ ನಿಂತರೂ ನೀರು ನಿಲ್ಲುವುದಿಲ್ಲ. ಮಂಜು ಬಂದು ರೆಪ್ಪೆಯ ಮೇಲೆ, ಮೀಸೆಯ ಮೇಲೆ, ಕ್ಯಾಮೆರಾದ ಗುಂಡಿಗಳ ಸಂದಿಯಲ್ಲಿ ಹನಿಗಟ್ಟುತ್ತದೆ. ಕಿಟ್ ಲೆನ್ಸಿನ ಜೂಮ್ ತಿರುಗಿಸಿದಾಗ ಅದರ ಕೊಳವೆ ಮುಂದಕ್ಕೆ ಚಾಚಿ, ಒಳಗೆ ಜಾಗ ಹಿಗ್ಗಿ, ಸೈಕಲ್ ಪಂಪಿನಂತೆ ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎರಡು ಗಂಟೆಗಳ ಕಾಲ ನಾನು ಸ್ವತಃ ಆ ಲೆನ್ಸಿಗೆ ಮಂಜನ್ನು ಪಂಪ್ ಮಾಡಿದೆ ಎಂದರೆ ತಪ್ಪಾಗದು. ಕೊನೆಗೆ ಲೆನ್ಸನ್ನು ಸರಿಯಾಗಿ ಜೋಡಿಸಿ ಎಂಬ ಸೂಚನೆ ಪರದೆಯ ಮೇಲೆ ಬಂದು, ಕ್ಯಾಮೆರಾ ಮಲಗಿತು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅಂದು ರಾತ್ರಿ ಉಳಿದುಕೊಂಡಿದ್ದ ನೆಂಟರ ಮನೆಯಲ್ಲಿ ದೊಡ್ಡಮ್ಮ, “ಒಲೆ ಪಕ್ಕ ಇಡು ಮಗಾ, ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತೆ” ಎಂದರು. ಜರ್ಕಿನ್, ಕಾಲುಚೀಲ, ಕಂಬಳಿ ಎಲ್ಲವೂ ಅಲ್ಲಿಯೇ ಒಣಗುತ್ತಿದ್ದುದರಿಂದ ಅವರ ಮಾತು ಸಹಜವಾಗಿಯೇ ಇತ್ತು. ದೊಡ್ಡಮ್ಮನನ್ನು ನಾನು ದೂರುವುದಿಲ್ಲ. ಆದರೆ ಒಲೆಯ ಮೇಲೆ ನೀರು ಕುದಿಯುವ ಅಡುಗೆಮನೆಯ ಬಿಸಿಗಾಳಿಯಲ್ಲಿ ತೇವ ತುಂಬಿರುತ್ತದೆ, ಮತ್ತು ಹೊರಗಿನ ಚಳಿಯಿಂದ ಬಂದ ಗಾಜು ತಣ್ಣಗಿರುತ್ತದೆ. ತಣ್ಣನೆಯ ಲೋಟದ ಹೊರಮೈ ಬೆವರುವಂತೆ ಲೆನ್ಸು ಒಳಗೂ ಹೊರಗೂ ಬೆವರಿತು. ಮಾಡಬೇಕಿದ್ದ ಕೆಲಸವೇ ಬೇರೆ: ಮನೆಯೊಳಗೆ ಕಾಲಿಡುವ ಮುಂಚೆ, ಅಂಗಳದಲ್ಲಿಯೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಚ್ಚಿ, ಒಳಗೆ ತಂದು ಒಂದೆರಡು ಗಂಟೆ ಮುಟ್ಟದೆ ಬಿಟ್ಟಿದ್ದರೆ, ನೀರು ಕವರಿನ ಮೇಲೆ ಕಟ್ಟಿಕೊಳ್ಳುತ್ತಿತ್ತೇ ಹೊರತು ಗಾಜಿನ ಮೇಲಲ್ಲ. ಮರುದಿನ ಯಾರೋ ಹೇಳಿದರೆಂದು ಅಕ್ಕಿಯ ಡಬ್ಬದಲ್ಲಿಯೂ ಇಟ್ಟೆ. ಅಕ್ಕಿಯ ಹುಡಿ ಜೂಮ್ ಸಂದಿಗೆ ಸೇರಿದ್ದೊಂದೇ ಅದರಿಂದಾದ ಲಾಭ.

ಮೈಸೂರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರು ಲೆನ್ಸನ್ನು ಕಳಚಿ, ತಳವನ್ನು ನನ್ನ ಕಡೆಗೆ ತಿರುಗಿಸಿ, ಉಗುರಿನಿಂದ ಅಂಚನ್ನು ಸುತ್ತ ಗೀಚಿ ತೋರಿಸಿದರು. “ಇಲ್ಲಿ ರಬ್ಬರ್ ಎಲ್ಲಿದೆ ಹೇಳಿ ಸರ್?” ಪಕ್ಕದ ಕಪಾಟಿನಿಂದ ಇನ್ನೊಂದು ಲೆನ್ಸನ್ನು ತೆಗೆದು ಅದರ ತಳವನ್ನೂ ತೋರಿಸಿದರು. ಲೋಹದ ಉಂಗುರದ ಹೊರ ಅಂಚಿನಲ್ಲಿ, ಕುಕ್ಕರಿನ ಗ್ಯಾಸ್ಕೆಟ್‌ನ ಪುಟ್ಟ ಮರಿಯಂತೆ, ತೆಳುವಾದ ಕಪ್ಪು ರಬ್ಬರ್ ಬಳೆಯೊಂದು ಕೂತಿತ್ತು. ನನ್ನದರಲ್ಲಿ ಅದಿರಲಿಲ್ಲ, ತಳವೂ ಪ್ಲಾಸ್ಟಿಕ್ಕಿನದಾಗಿತ್ತು. ಕ್ಯಾಮೆರಾದ ಬಾಡಿಯಲ್ಲಿ ನೀರು, ಧೂಳು ತಡೆಯುವ ಸೀಲಿಂಗ್ ಇರುವುದು ನಿಜವೇ ಆಗಿದ್ದರೂ, ಸೀಲಿಂಗ್ ಇಲ್ಲದ ಲೆನ್ಸನ್ನು ಅದಕ್ಕೆ ಸಿಕ್ಕಿಸಿದರೆ, ಮನೆಗೆ ಹೆಂಚು ಹೊದಿಸಿ ಬಾಗಿಲನ್ನು ತೆರೆದಿಟ್ಟಂತೆ.

ಹೀಗಾಗಿ ಬಾಡಿಯ ವಿವರಪಟ್ಟಿಗಿಂತ ಮೊದಲು ಲೆನ್ಸಿನ ತಳವನ್ನು ನೋಡಿ. ಪೆಂಟಾಕ್ಸ್ ಮತ್ತು ಫ್ಯೂಜಿಫಿಲ್ಮ್ ಕಂಪನಿಗಳು ಸೀಲಿಂಗ್ ಇರುವ ಹಲವು ಲೆನ್ಸುಗಳ ಹೆಸರಿನಲ್ಲಿಯೇ ಡಬ್ಲ್ಯೂಆರ್ (ವೆದರ್ ರೆಸಿಸ್ಟೆಂಟ್) ಎಂದು ಸೇರಿಸುತ್ತವೆ. ಕ್ಯಾನನ್ನಿನ ಎಲ್ ಸರಣಿಯ ಕೆಲವು ಲೆನ್ಸುಗಳಲ್ಲಿ ಮುಂದೆ ಫಿಲ್ಟರ್ ಹಾಕಿದಾಗ ಮಾತ್ರ ಸೀಲಿಂಗ್ ಪೂರ್ಣವಾಗುತ್ತದೆಂದು ಕಂಪನಿಯೇ ಹೇಳುತ್ತದೆ. ಇನ್ನೊಂದು ಮಾತನ್ನೂ ತಿಳಿದಿರಬೇಕು. ಹಲವು ಮೊಬೈಲ್ ಫೋನುಗಳಿಗೆ ನೀರು, ಧೂಳನ್ನು ಎಷ್ಟು ತಡೆಯುತ್ತವೆ ಎಂಬುದನ್ನು ಹೇಳುವ ಐಪಿ68 ಎಂಬ ಅಳತೆಯ ಖಾತರಿ ಇರುತ್ತದೆ. ಹೆಚ್ಚಿನ ಕ್ಯಾಮೆರಾಗಳಿಗೆ ಅಂಥ ಅಳತೆಯೇ ಇರುವುದಿಲ್ಲ, ತುಂತುರು ಮತ್ತು ಧೂಳನ್ನು ತಡೆಯುತ್ತದೆ ಎಂಬ ಸಡಿಲ ಮಾತಷ್ಟೇ ಇರುತ್ತದೆ. 2022ರಲ್ಲಿ ಬಂದ ಓಎಂ ಸಿಸ್ಟಮ್ ಕಂಪನಿಯ ಓಎಂ-1 ಕ್ಯಾಮೆರಾಕ್ಕೆ ಐಪಿ53 ಎಂಬ ದರ್ಜೆ ದೊರೆತದ್ದು ಈ ವರ್ಗದಲ್ಲಿ ಅಪರೂಪ, ಮತ್ತು ಅದೂ ತಕ್ಕ ಲೆನ್ಸು ಜೊತೆಗಿದ್ದಾಗಿನ ಮಾತು. ನನ್ನನ್ನು ಕೇಳಿದರೆ, ಎರಡು ತಲೆಮಾರು ಹಳೆಯದಾದ ಬಾಡಿಯನ್ನು ಕೊಂಡು, ಉಳಿದ ಹಣವನ್ನು ಸೀಲಿಂಗ್ ಇರುವ ಒಂದೇ ಒಂದು ಒಳ್ಳೆಯ ಜೂಮ್ ಲೆನ್ಸಿನ ಮೇಲೆ ಹಾಕುವುದು, ಹೊಸ ಬಾಡಿಯ ಜೊತೆ ಪುಕ್ಕಟೆಯಂತೆ ಬರುವ ಲೆನ್ಸನ್ನು ನೆಚ್ಚಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ದಸರೆಯ ಹೊತ್ತಿಗೆ ಬಾಡಿ ಹೇಗೋ ಚೇತರಿಸಿಕೊಂಡಿತ್ತು, ಲೆನ್ಸನ್ನು ಸ್ನೇಹಿತರಿಂದ ಎರವಲು ತಂದೆ. ವಿಜಯದಶಮಿಯ ರಾತ್ರಿ ದೀಪಾಲಂಕಾರದ ದಶಮಂಟಪಗಳ ಮುಂದೆ ಬೆಳಗಿನ ಜಾವದವರೆಗೆ ನಿಂತು ತೆಗೆದ ವಿಡಿಯೊದ ತುಂಬ ಕಪ್ಪು ಪಟ್ಟಿಗಳು ತೇಲುತ್ತಿದ್ದವು. ಹೊರದೇಶದ ಮಾರುಕಟ್ಟೆಗೆಂದು ತಯಾರಾಗಿದ್ದ ಆ ಕ್ಯಾಮೆರಾ ಎನ್‌ಟಿಎಸ್‌ಸಿ ಎಂಬ, 60 ಹರ್ಟ್ಸ್ ವಿದ್ಯುತ್ತಿಗೆ ತಕ್ಕ ವಿಡಿಯೊ ಕ್ರಮದಲ್ಲಿ ಹೊಂದಿಸಿಕೊಂಡೇ ಬಂದಿತ್ತು. ನಾನು ಸೆಕೆಂಡಿಗೆ 30 ಫ್ರೇಮಿನಲ್ಲಿ, 1/60 ಸೆಕೆಂಡಿನ ಶಟರಿನಲ್ಲಿ ತೆಗೆದಿದ್ದೆ. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸಿನದು, ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ; ಶಟರು ಆ ಮಿನುಗಿಗೆ ಹೊಂದದಿದ್ದರೆ ಪಟ್ಟಿಗಳು ಮೂಡುತ್ತವೆ. ಸೆಕೆಂಡಿಗೆ 25 ಫ್ರೇಮು, 1/50 ಶಟರು ಇಟ್ಟಿದ್ದರೆ ಬಹುಪಾಲು ಪಟ್ಟಿಗಳು ಕಾಣುತ್ತಿರಲಿಲ್ಲ.

ನನ್ನ ಕಿಟ್ ಲೆನ್ಸಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ನಡುವೆ ಬಿಡುವಾದಾಗ, ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿಗೆ, ಜೇಡ ನೇಯಲು ಶುರುಮಾಡಿ ಬಿಟ್ಟುಹೋದ ಬಲೆಯಂತೆ, ಬಿಳಿಯ ಎಳೆಗಳು ಕವಲೊಡೆದು ಹರಡಿದ್ದವು. ಅದು ಫಂಗಸ್. ಒರೆಸಿ ತೆಗೆದರೂ ಗಾಜಿನ ಲೇಪನವನ್ನು ಅದು ತಿಂದಿದ್ದರೆ ಗುರುತು ಉಳಿಯುತ್ತದೆ. ಹಳೆಯ ಲೆನ್ಸು ಕೊಳ್ಳುವವರು ಟಾರ್ಚಿಲ್ಲದೆ ಕೊಳ್ಳಲೇಬಾರದು. ಈಗ ನನ್ನ ಸಾಮಾನೆಲ್ಲ ರಬ್ಬರ್ ಅಂಚಿನ ಡಬ್ಬದಲ್ಲಿ, ಸಿಲಿಕಾ ಜೆಲ್ ಮತ್ತು ಚಿಕ್ಕದೊಂದು ಆರ್ದ್ರತಾ ಮಾಪಕದೊಂದಿಗೆ ಇರುತ್ತದೆ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಕಿತ್ತಳೆ ಬಣ್ಣದ ಹರಳುಗಳು ತೇವ ಹೀರಿ ಹಸಿರಾದಾಗ ಬಿಸಿಮಾಡಿ ಮತ್ತೆ ಬಳಸಬಹುದು. ನೀಲಿ ಹರಳುಗಳಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಬಾಣಲೆಯ ಹತ್ತಿರಕ್ಕೂ ಅವನ್ನು ತರಬೇಡಿ.

ಇನ್ನು ವಾರಂಟಿಯ ವಿಚಾರ. ನೀರು ಮತ್ತು ಫಂಗಸ್‌ನಿಂದಾದ ಹಾನಿಯನ್ನು ಸಾಮಾನ್ಯವಾಗಿ ಯಾವ ವಾರಂಟಿಯೂ ಭರಿಸುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಬಾಡಿಯ ಶಟರ್ ಗುಂಡಿ ಬೇರೆಯೇ ಕಾರಣಕ್ಕೆ ಕೈಕೊಟ್ಟಾಗಲೂ ಅಧಿಕೃತ ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ನೋಡಿ, ಇದು ಭಾರತದಲ್ಲಿ ಮಾರಾಟಕ್ಕೆ ಬಂದ ಕ್ಯಾಮೆರಾ ಅಲ್ಲವೆಂದು ಮರಳಿಸಿದರು. ಪೆಟ್ಟಿಗೆಯ ಮೇಲಿನ ಸಂಖ್ಯೆ, ಬಾಡಿಯ ತಳದ ಸಂಖ್ಯೆ ಮತ್ತು ಜಿಎಸ್‌ಟಿ ಬಿಲ್ಲಿನ ಮೇಲಿನ ಸಂಖ್ಯೆ ಮೂರೂ ಒಂದೇ ಆಗಿರುವುದನ್ನು, ಆಮದುದಾರರ ಹೆಸರು ಮತ್ತು ರೂಪಾಯಿಯಲ್ಲಿ ಎಂಆರ್‌ಪಿ ಮುದ್ರಿಸಿರುವ ಚೀಟಿ ಪೆಟ್ಟಿಗೆಗೆ ಅಂಟಿರುವುದನ್ನು ನೋಡದೆ ಅಂಗಡಿಯಿಂದ ಹೊರಬರಬೇಡಿ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆಯೆಂದು ಕೇಳಿ ನಾನು ಮಡಿಕೇರಿಯಲ್ಲಿ ವಕೀಲರೊಬ್ಬರನ್ನು ಕಂಡೆ. ಅವರು ಎಲ್ಲವನ್ನೂ ಸಮಾಧಾನದಿಂದ ಕೇಳಿ, ಕೊನೆಗೆ ಬಿಲ್ಲಿಗಾಗಿ ಕೈ ಚಾಚಿದರು. ನಾನು ಕೊಟ್ಟದ್ದು ಅಂಗಡಿಯ ಹೆಸರಿಲ್ಲದ ಒಂದು ಬಿಳಿ ಚೀಟಿ. ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ಕ್ಯಾಮೆರಾ 1’ ಎಂದಷ್ಟೇ ಬರೆದಿತ್ತು.