ಕಿಂಗ್‌ನಲ್ಲಿ 'ಇಂಗ್' ಯಾಕಿದೆ? ಎಟಿಮಾನ್‌ಲೈನ್ ಬಳಸಿ ನೋಡಿದೆ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊನ್ನೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಕಿಂಗ್‌ನಲ್ಲಿರೋ ಇಂಗು, ಸಿಂಗಿಂಗ್‌ನಲ್ಲಿ ಇರೋದೇನಾ?" ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ? ಮನೆಯಲ್ಲಿದ್ದ ದಪ್ಪ ನಿಘಂಟು ತೆಗೆದೆ. "ರಾಜ, ಅರಸ, ದೊರೆ" ಅಂತಷ್ಟೇ ಇತ್ತು.

ಆಮೇಲೆ ಎಟಿಮಾನ್‌ಲೈನ್ ತೆರೆದೆ. ಇಂಗ್ಲಿಷ್ ಪದಗಳ ಹುಟ್ಟು ತಿಳಿಸುವ ಈ ಆನ್‌ಲೈನ್ ಕೋಶವನ್ನು ಶುರು ಮಾಡಿದವರು ಅಮೆರಿಕದ ಡಗ್ಲಸ್ ಹಾರ್ಪರ್. ಓದುವುದಕ್ಕೆ ದುಡ್ಡು ಕೊಡಬೇಕಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ಕಿಂಗ್ 'ಕ್ಯುನಿಂಗ್' ಆಗಿತ್ತು. 'ಕ್ಯುನ್' ಅಂದರೆ ಕುಲ, ಬಳಗ. ಇವತ್ತಿನ 'ಕಿನ್' ಅದೇ. 'ಇಂಗ್' ಅಂದರೆ ಅದಕ್ಕೆ ಸೇರಿದವನು, ಅದರಲ್ಲಿ ಹುಟ್ಟಿದವನು. ಸಿಂಗಿಂಗ್‌ನ ಇಂಗ್ ಬೇರೆಯೇ. ಹಾಗಾದರೆ ಕಿಂಗ್ ಬಳಗದ ಮುಖಂಡನೋ, ದೊಡ್ಡ ಮನೆತನದಲ್ಲಿ ಹುಟ್ಟಿದವನೋ? ಕೋಶ ಎರಡನ್ನೂ ಮುಂದಿಟ್ಟು 'ಇರಬಹುದು' ಅನ್ನುತ್ತದೆ. ಸುಮ್ನೆ ಒಂದನ್ನು ಆರಿಸಿ ಕೊಡುವುದಿಲ್ಲ. ನನಗೆ ಇದರ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಜಾಸ್ತಿ ಖುಷಿ ಕೊಟ್ಟದ್ದು ಈ ಪದ ಊರೂರು ಸುತ್ತಿದ ಕಥೆ. ಹಳೆಯ ಜರ್ಮನಿಕ್ ಜನರಿಂದ (ಇಂಗ್ಲಿಷ್ ಹುಟ್ಟಿದ್ದು ಇವರ ಭಾಷೆಯಿಂದಲೇ) ನೆರೆಯವರು ಇದನ್ನು ಎರವಲು ಪಡೆದರು. ಫಿನ್ಲೆಂಡಿನಲ್ಲಿ ಇವತ್ತಿಗೂ ರಾಜ 'ಕುನಿಂಗಾಸ್'. ಇಂಗ್ಲಿಷಿನ ಬಾಯಲ್ಲಿ ಸವೆದುಹೋದ ಪದ ಅಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದಿದೆ. ಲಿಥುವೇನಿಯಾದಲ್ಲಿ 'ಕುನಿಗಸ್' ಅಂದರೆ ಪಾದ್ರಿ!

ಅಲ್ಲಿಂದ ಕ್ವೀನ್ ಹುಡುಕಿದೆ. ನಮ್ಮ ರಾಣಿ 'ರಾಜ'ನ ಕಡೆಯಿಂದ ಬಂದವಳು. ಆದರೆ ಕ್ವೀನ್‌ಗೂ ಕಿಂಗ್‌ಗೂ ಮೂಲದಲ್ಲಿ ನಂಟೇ ಇಲ್ಲ. ಅದರ ಹಳೆಯ ಅರ್ಥ ಹೆಂಗಸು, ಹೆಂಡತಿ. ಹೆಂಗಸು ಅನ್ನೋ ಅರ್ಥದ ಸಂಸ್ಕೃತದ 'ಜನಿ' ಅದರ ದೂರದ ಅಕ್ಕ.

ಒಂದು ಮಾತು. ಈ ಕೋಶ ಇಂಗ್ಲಿಷಿನಲ್ಲಿದೆ, ಭಾಷೆಗಳ ಹೆಸರು ಸಾಲುಸಾಲಾಗಿ ಬರುತ್ತವೆ. ಕನ್ನಡ ಮೀಡಿಯಂ ಮಕ್ಕಳ ಕೈಗೆ ಹಾಗೇ ಕೊಡಬೇಡಿ. ಮೊದಲು ನೀವು ಓದಿ, ಆಮೇಲೆ ಕಥೆ ಹೇಳಿ. ಮೇಷ್ಟ್ರುಗಳು ಇದನ್ನು ಬಳಸಲೇಬೇಕು ಅನ್ನೋದು ನನ್ನ ಆಸೆ.

ಮರುದಿನ ಬೋರ್ಡಿನ ಮೇಲೆ ಕುನಿಂಗಾಸ್, ಕ್ಯುನಿಂಗ್, ಕಿಂಗ್ ಅಂತ ಒಂದರ ಕೆಳಗೊಂದು ಬರೆದೆ. ಆ ಹುಡುಗಿ ಮತ್ತೆ ಕೈ ಎತ್ತಿದಳು. "ಹಾಗಾದ್ರೆ ಕಿಂಗ್‌ಡಮ್‌ನಲ್ಲಿರೋ ಡಮ್ ಏನು ಮಿಸ್?" ಅದನ್ನೂ ನೋಡಿಟ್ಟಿದ್ದೇನೆ. ಹಳೆಯ ಇಂಗ್ಲಿಷಿನ 'ಡೋಮ್': ತೀರ್ಪು, ಕಟ್ಟಳೆ. ಸೋಮವಾರ ಹೇಳಬೇಕು.