ಆರು ವಾರ, ಆರು ತಿಂಗಳು, ಹತ್ತು ತಿಂಗಳು: ಎರಡು ದೇಶಗಳಲ್ಲಿ ಮೂರು ರೀತಿ ಬದುಕಿ ನೋಡಿದ್ದು

ಕಾಯಂ ಆಗಿ ಬೇರೆ ದೇಶಕ್ಕೆ ಹೋಗುವ ಮುಂಚೆ ಮೂರು ವರ್ಷ ನಾನು ಎರಡೂ ಕಡೆ ಕಾಲಿಟ್ಟುಕೊಂಡೇ ಬದುಕಿದೆ. ಮೂರು ವರ್ಷಕ್ಕೆ ಮೂರು ರೀತಿ. ಮೊದಲ ವರ್ಷ ಆರು ವಾರ ಹಳೆಯ ದೇಶ, ಆರು ವಾರ ಹೊಸ ದೇಶ. ಎರಡನೇ ವರ್ಷ ಅರ್ಧ ಅಲ್ಲಿ, ಅರ್ಧ ಇಲ್ಲಿ. ಮೂರನೇ ವರ್ಷ ಹತ್ತು ತಿಂಗಳು ಹೊಸ ದೇಶ, ಎರಡು ತಿಂಗಳು ಹಳೆಯದು. ನನಗೆ ಎರಡೂ ಕಡೆ ಇರುವುದಕ್ಕೂ ದುಡಿಯುವುದಕ್ಕೂ ಅನುಮತಿ ಇತ್ತು. ಅದಿಲ್ಲದಿದ್ದರೆ ಈ ಹೋಲಿಕೆಯೇ ಬೇರೆ ಆಗುತ್ತದೆ. ಉದಾಹರಣೆಗೆ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಬರೀ ಪ್ರವಾಸಿ ವೀಸಾದಲ್ಲಿ ಹೋದರೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಲ್ಲಿಗೆ ಒಂದೇ ಸಲಕ್ಕೆ ಆರು ತಿಂಗಳು ಇರುವ ಮಾತೇ ಬಿದ್ದುಹೋಯಿತು.

ಆರು ವಾರದ ಓಡಾಟ ಶುರು ಮಾಡಿದಾಗ ಅದೇ ಎಲ್ಲಕ್ಕಿಂತ ಒಳ್ಳೆಯ ದಾರಿ ಅನ್ನಿಸಿತ್ತು. ಯಾರನ್ನೂ ಬಿಟ್ಟುಹೋದ ಹಾಗಾಗುವುದಿಲ್ಲ, ಅಲ್ವಾ? ಅಪ್ಪ ಅಮ್ಮನಿಗೂ ಸಮಾಧಾನ. ಆದರೆ ಮೈ ಒಪ್ಪಲಿಲ್ಲ. ಎರಡು ದೇಶಗಳ ನಡುವೆ 8 ಗಂಟೆ ವ್ಯತ್ಯಾಸ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ, ಪೂರ್ವದ ಕಡೆ ಹಾರಿದಾಗ ಇನ್ನೂ ನಿಧಾನ. ವರ್ಷಕ್ಕೆ 8 ಪ್ರಯಾಣ ಅಂದರೆ ಹೆಚ್ಚುಕಡಿಮೆ ಎರಡು ತಿಂಗಳು ಅರೆನಿದ್ದೆಯಲ್ಲೇ ಹೋದವು. ಬಂದ ಮೊದಲ ವಾರ ಸುಸ್ತು, ಹೊರಡುವ ಕೊನೇ ವಾರ ಗಡಿಬಿಡಿ. ನಡುವೆ ಉಳಿಯುವುದು ನಾಲ್ಕು ವಾರ.

ಅದಕ್ಕಿಂತ ನೋವಾಗಿದ್ದು ಒಂದು ಪ್ರಶ್ನೆ. ಎರಡೂ ದೇಶದಲ್ಲಿ ಯಾರೇ ಸಿಕ್ಕರೂ ಮೊದಲು ಕೇಳುತ್ತಿದ್ದದ್ದು 'ಈ ಸಲ ಎಷ್ಟು ದಿನ ಇರ್ತೀಯಾ?' ಅಂತ. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಉತ್ತರ ಕೇಳಿದ ಮೇಲೆ ಯಾವ ಕೆಲಸಕ್ಕೂ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೇಗೂ ಹೊರಡುವವನು, ಸುಮ್ನೆ ಯಾಕೆ ತೊಂದರೆ ಕೊಡುವುದು ಅನ್ನುವ ಭಾವನೆ. ನಾನು ಹುಟ್ಟಿ ಬೆಳೆದ ಕಡೆಯಲ್ಲೂ ನೆಂಟನಾದೆ, ನೆಲೆಸಬೇಕೆಂದಿದ್ದ ಕಡೆಯಲ್ಲೂ ನೆಂಟನಾಗೇ ಉಳಿದೆ. ವರ್ಷ ಮುಗಿದಾಗ ಹೊಸ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದು ಒಬ್ಬ ಪ್ರವಾಸಿಗೆ ಗೊತ್ತಿರುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಎರಡನೇ ವರ್ಷ ಬೇಕೆಂದೇ ಅಕ್ಟೋಬರ್‌ನಲ್ಲಿ ಹೋದೆ, ಕತ್ತಲೂ ಚಳಿಯೂ ಕೂಡಿ ಬರುವ ಕಾಲಕ್ಕೆ. ನಾನು ಮಾಡಿದ ತೀರ್ಮಾನಗಳಲ್ಲಿ ಇದೇ ಅತಿ ಒಳ್ಳೆಯದು. ಬೇಸಿಗೆಯಲ್ಲಿ ನೋಡಿ ಇಷ್ಟಪಟ್ಟಿದ್ದ ಅದೇ ಬೀದಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿತ್ತು. ಮೊದಲ ತಿಂಗಳು ಉತ್ಸಾಹ. ಎರಡನೇ ತಿಂಗಳು ಕೆಲಸದ ಗಡಿಬಿಡಿ. ಮೂರನೇ ತಿಂಗಳಲ್ಲಿ ಒಂಟಿತನ ಬಂತು. ಆರು ವಾರದ ಲೆಕ್ಕದಲ್ಲಿ ಆ ಮೂರನೇ ತಿಂಗಳು ಬರುವುದೇ ಇಲ್ಲ ನೋಡಿ. ಅಷ್ಟರಲ್ಲಿ ವಿಮಾನ ಹತ್ತಿರುತ್ತೇವೆ.

ಜನವರಿಯಲ್ಲಿ ಮೂರು ದಿನ ಜ್ವರ. ಮಾಮೂಲಿ ಮಾತ್ರೆ ಮುಗಿದಿತ್ತು. ಅಂಗಡಿಯವರಿಗೆ ನನಗೆ ಗೊತ್ತಿದ್ದ ಹೆಸರು ಹೇಳಿದರೆ ಅರ್ಥವಾಗಲಿಲ್ಲ, ಅದು ಹಳೆಯ ದೇಶದ ಬ್ರಾಂಡ್ ಹೆಸರು. ಖಾಲಿಯಾದ ಮಾತ್ರೆ ಪಟ್ಟಿಯ ಹಿಂಬದಿ ತಿರುಗಿಸಿ ಸಣ್ಣಕ್ಷರದಲ್ಲಿದ್ದ ಪ್ಯಾರಸಿಟಮಾಲ್ ಅನ್ನುವ ಪದವನ್ನು ಬೆರಳಿಟ್ಟು ತೋರಿಸಿದೆ. ತಕ್ಷಣ ಕೊಟ್ಟರು. ಆಮೇಲೆ ಮನೆಯವರೆಲ್ಲರ ಔಷಧಿಗಳ ಮೂಲ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟೆ. ಎಲ್ಲ ದೇಶದಲ್ಲೂ ಇದೇ ಹೆಸರು ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಅದೇ ಮಾತ್ರೆಗೆ ಅಸಿಟಮಿನೋಫೆನ್ ಅನ್ನುತ್ತಾರೆ.

ನಾಲ್ಕನೇ ತಿಂಗಳಿನ ಹೊತ್ತಿಗೆ 'ಎಷ್ಟು ದಿನ ಇರ್ತೀಯಾ' ಅನ್ನುವ ಪ್ರಶ್ನೆ ನಿಂತಿತು. ಒಂದು ಸಂಜೆ ಕೆಳಮನೆಯವರು ಬಾಗಿಲು ಬಡಿದು, ಮುಂದಿನ ತಿಂಗಳಿಂದ ಮೆಟ್ಟಿಲು ಗುಡಿಸುವ ಪಾಳಿಯಲ್ಲಿ ನಿಮ್ಮ ಹೆಸರೂ ಸೇರಿಸಬಹುದಾ ಅಂತ ಕೇಳಿದರು. ನನಗೆ ಆದ ಸಂತೋಷ ಅವರಿಗೆ ಅರ್ಥವಾಗಿರಲಿಕ್ಕಿಲ್ಲ. ಬೇರೆ ದೇಶದಲ್ಲಿ ನೆಲೆಸಬಲ್ಲೆ ಅನ್ನುವ ಧೈರ್ಯ ನನಗೆ ಬಂದದ್ದು ಆ ಸಂಜೆ.

ಅರ್ಧ ಅರ್ಧದ ಕಷ್ಟ ಇರುವುದು ಖಾಲಿ ಬಿಟ್ಟ ಮನೆಯಲ್ಲಿ. ಆರು ತಿಂಗಳ ನಂತರ ಹಳೆಯ ಮನೆಯ ಬಾಗಿಲು ತೆಗೆದರೆ ಚರಂಡಿ ವಾಸನೆ. ಏನೂ ಒಡೆದಿರಲಿಲ್ಲ. ಸಿಂಕಿನ ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತಿರುವ ನೀರೇ ವಾಸನೆ ತಡೆಯುವುದು, ಅದು ಆರಿಹೋಗಿತ್ತು. ಈಗ ಹೊರಡುವಾಗ ಪ್ರತಿ ಸಿಂಕಿಗೂ ನೀರು ಬಿಟ್ಟು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಹಾಕುತ್ತೇನೆ. ಎಣ್ಣೆಯ ಪದರ ನೀರು ಬೇಗ ಆರದಂತೆ ನೋಡಿಕೊಳ್ಳುತ್ತದೆ. ಮನೆ ವಿಮೆ ಇದ್ದರೆ ಷರತ್ತು ಓದಿ. ಮನೆ ಸತತವಾಗಿ 30 ಅಥವಾ 60 ದಿನ ಖಾಲಿ ಇದ್ದರೆ ಕೆಲವು ನಷ್ಟಗಳಿಗೆ ಪರಿಹಾರ ಇಲ್ಲ ಅಂತ ಅನೇಕ ಪಾಲಿಸಿಗಳಲ್ಲಿ ಬರೆದಿರುತ್ತದೆ. ಹಳೆಯ ಸಿಮ್ ಅಂತೂ ಜೀವಂತ ಇರಲೇಬೇಕು. ನನ್ನದು ಬಳಸದೆ ನಿಂತುಹೋಗಿ, ಬ್ಯಾಂಕಿನ ಓಟಿಪಿ ಬಾರದೆ, ನನ್ನ ಹಣ ನನ್ನ ಕೈಗೇ ಸಿಗದೆ ಐದು ವಾರ ಒದ್ದಾಡಿದೆ.

ಇನ್ನು ದಿನಗಳ ಲೆಕ್ಕ. ಒಂದು ದೇಶದಲ್ಲಿ ವರ್ಷಕ್ಕೆ 183 ದಿನ ದಾಟದಿದ್ದರೆ ಅಲ್ಲಿ ತೆರಿಗೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಸುಲಭ ಅಲ್ಲ. ಮೊದಲಿಗೆ, ದಿನ ಎಣಿಸುವ ರೀತಿಯೇ ಬೇರೆ ಬೇರೆ. ಷೆಂಗೆನ್ ವೀಸಾ ಲೆಕ್ಕದಲ್ಲಿ ಬಂದ ದಿನವೂ ಹೋದ ದಿನವೂ ಸೇರುತ್ತವೆ. ಬ್ರಿಟನ್‌ನ ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಮಧ್ಯರಾತ್ರಿ ನೀವು ಅಲ್ಲಿದ್ದಿರಾ ಅನ್ನುವುದೇ ಮುಖ್ಯ. ಅಮೆರಿಕದಲ್ಲಿ ಈ ವರ್ಷದ ದಿನಗಳಿಗೆ ಹೋದ ವರ್ಷದ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು ಕೂಡಿಸುತ್ತಾರೆ. ಹಾಗಾಗಿ ಮೂರು ವರ್ಷ ಬಿಡದೆ ವರ್ಷಕ್ಕೆ 122 ದಿನ ಇದ್ದರೂ ಮೊತ್ತ 183 ಆಗಿಬಿಡುತ್ತದೆ. ಈ ವಿಷಯದಲ್ಲಿ ಅರ್ಧ ಅರ್ಧವೇ ಎಲ್ಲಕ್ಕಿಂತ ಅಪಾಯ, ಯಾಕೆಂದರೆ ಎರಡೂ ಕಡೆ ಗೆರೆಯ ಮೇಲೇ ನಿಂತಿರುತ್ತೀರಿ. ಒಂದು ವಿಮಾನ ರದ್ದಾದರೂ ಲೆಕ್ಕ ತಿರುಗುತ್ತದೆ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ನಾನು ಪ್ರತಿಯೊಂದರ ಫೋಟೋ ತೆಗೆದು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೆ, ಅದು ಕೈಹಿಡಿಯಿತು.

ಹತ್ತು ತಿಂಗಳ ವರ್ಷ ಶುರುವಾಗುವ ಮುಂಚೆ ಹಳೆಯ ಮನೆ ಬಾಡಿಗೆಗೆ ಕೊಟ್ಟೆ. ಹುಟ್ಟಿದ, ಓದಿದ, ಮದುವೆಯಾದ ಪತ್ರಗಳಿಗೆಲ್ಲ ಅಪೊಸ್ಟಿಲ್ (ಪತ್ರದ ಸಹಿ, ಮೊಹರು ಅಸಲಿ ಅನ್ನುವ ಸರ್ಕಾರಿ ಮುದ್ರೆ) ಮಾಡಿಸಿದೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಪತ್ರಗಳಿಗೆ ಈ ಒಂದು ಮುದ್ರೆ ಇದ್ದರೆ ಸಾಕು ಅನ್ನುತ್ತವೆ. ಪತ್ರ ಯಾವ ದೇಶದ್ದೋ ಆ ದೇಶವೇ ಇದನ್ನು ಕೊಡುವುದು, ಅಲ್ಲಿರುವಾಗಲೇ ಮಾಡಿಸಿಕೊಂಡರೆ ಅಲೆದಾಟ ತಪ್ಪುತ್ತದೆ.

ದಿನದ ಬದುಕಿನ ಮಟ್ಟಿಗೆ ಈ ವರ್ಷವೇ ಹಗುರ. ಒಂದೇ ಕೀಲಿಕೈ, ಒಂದೇ ವೈದ್ಯರು. ಕತ್ತಲಲ್ಲಿ ಕೈ ತಾನಾಗಿ ಸ್ವಿಚ್ಚಿನ ಸರಿಯಾದ ಬದಿಗೆ ಹೋಗುತ್ತಿತ್ತು (ಹಳೆಯ ಮನೆಯಲ್ಲಿ ಕೆಳಗೆ ಒತ್ತಿದರೆ ದೀಪ, ಇಲ್ಲಿ ಮೇಲಕ್ಕೆ). ಆದರೆ ಇದನ್ನೇ ಮೊದಲು ಮಾಡಿದ್ದರೆ ನಾನು ಬಹುಶಃ ಮೂರನೇ ತಿಂಗಳಲ್ಲೇ ವಾಪಸ್ ಓಡುತ್ತಿದ್ದೆ. ಹಿಂದೆ ಮನೆ ಇಲ್ಲ, ಮುಂದೆ ಪರಿಚಯ ಇಲ್ಲ ಅನ್ನುವ ಸ್ಥಿತಿ ಅದು. ಅರ್ಧ ಅರ್ಧದ ವರ್ಷದಲ್ಲಿ ಆದ ಪರಿಚಯಗಳ ಮೇಲೆ ನಿಂತಿದ್ದರಿಂದ ತಡೆದುಕೊಂಡೆ. ಅದಕ್ಕೇ ಯಾರಾದರೂ ಕೇಳಿದರೆ ಅರ್ಧ ಅರ್ಧ ಮೊದಲು, ಅದೂ ಕೆಟ್ಟ ಹವೆಯ ತಿಂಗಳುಗಳಿಂದ ಶುರು ಮಾಡಿ, ಹತ್ತು ತಿಂಗಳು ಆಮೇಲೆ ಅನ್ನುತ್ತೇನೆ. ಆರು ವಾರದ ಓಡಾಟ ಬಿಟ್ಟೇಬಿಡಿ ಅಂತಲೂ ಹೇಳುತ್ತೇನೆ, ಒಂದು ಸಂದರ್ಭ ಬಿಟ್ಟು.

ಆ ಮೂರನೇ ವರ್ಷದ ನಡುವೆ ಅಪ್ಪನಿಗೆ ಶಸ್ತ್ರಚಿಕಿತ್ಸೆ ಆಯಿತು. ಹಾಕಿಕೊಂಡ ಯೋಜನೆ ಬದಿಗಿಟ್ಟು ಮತ್ತೆ ಹೋಗಿ ಬರುವ ಓಡಾಟಕ್ಕೇ ಇಳಿದೆ. ಹಳೆಯ ದೇಶದಲ್ಲೂ ದಿನಗಳು ಮಿತಿ ದಾಟಿದವು, ಎರಡೂ ಕಡೆ ನನ್ನನ್ನು ತಮ್ಮ ನಿವಾಸಿ ಅಂದರು. ದೇಶಗಳ ನಡುವೆ ತೆರಿಗೆ ಒಪ್ಪಂದ ಇದ್ದರೆ ಇಂಥ ಸಂದರ್ಭಕ್ಕೆ ಅದರಲ್ಲೇ ದಾರಿ ಇರುತ್ತದೆ. ಸಾಮಾನ್ಯವಾಗಿ ಮೊದಲು ಕಾಯಂ ಮನೆ ಎಲ್ಲಿದೆ ಅಂತ ನೋಡುತ್ತಾರೆ, ಆಮೇಲೆ ಕುಟುಂಬ ಮತ್ತು ದುಡಿಮೆ ಯಾವ ಕಡೆ ಜಾಸ್ತಿ ಅಂತ. ಹಳೆಯ ಮನೆ ಬಾಡಿಗೆಯಲ್ಲಿದ್ದು, ನಾನು ಅಪ್ಪನ ಮನೆಯಲ್ಲಿ ಉಳಿದಿದ್ದರಿಂದ ಹೊಸ ದೇಶದ ನಿವಾಸಿ ಅಂತ ಇತ್ಯರ್ಥವಾಯಿತು. ಅಲ್ಲಿಯವರೆಗೆ ಎರಡೂ ಕಡೆ ಅರ್ಜಿ ತುಂಬಿದೆ. ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು, ಅಪ್ಪ ನಿದ್ದೆ ಹೋದ ಮೇಲೆ, ಮೊಬೈಲಿನ ಬೆಳಕಲ್ಲಿ ತುಂಬಿದ್ದೂ ಉಂಟು. ಅಂಥ ವರ್ಷ ಮತ್ತೆ ಬಂದರೂ ಹಾಗೇ ಓಡುತ್ತೇನೆ.