ತೆಂಗಿನ ನೆರಳಲ್ಲಿ ಸೀಮೆಹುಲ್ಲು, ಸ್ಟೈಲೋ ಹಾಕೋ ಮುಂಚೆ ಇದನ್ನೊಮ್ಮೆ ಓದಿ

ನಾನು ತಿಪಟೂರು ಕಡೆಯವನು. 15 ವರ್ಷದ ತೆಂಗಿನ ತೋಟ, ಎರಡು ಎಚ್‌ಎಫ್ ಹಸು. ಸಾಲಿನ ನಡುವೆ ಜಾಗ ಸುಮ್ನೆ ಬಿದ್ದಿದೆಯಲ್ಲ ಅಂತ ಹೋದ ವರ್ಷ ಮುಂಗಾರಿಗೆ 20 ಗುಂಟೆಯಲ್ಲಿ ಮೇವು ಹಾಕಿದೆ. ಒಂದು ಸಾಲು ಸಿಒ-4 ಅನ್ನೋ ತಳಿಯ ಸೀಮೆಹುಲ್ಲು (ನೇಪಿಯರ್), ಪಕ್ಕದಲ್ಲಿ ಎರಡು ಸಾಲು ಸ್ಟೈಲೋ ಅನ್ನೋ ದ್ವಿದಳ ಮೇವು. ಹುಲ್ಲು ಹೊಟ್ಟೆ ತುಂಬಿಸುತ್ತೆ, ಸ್ಟೈಲೋ ಹಿಂಡಿ ಖರ್ಚು ಉಳಿಸುತ್ತೆ. ಮೇಲಾಗಿ ಅದು ಗಾಳಿಯ ಸಾರಜನಕ ಹಿಡಿಯೋ ಗಿಡ, ಹುಲ್ಲಿಗೂ ಒಂದಿಷ್ಟು ಗೊಬ್ಬರ ಸಿಗುತ್ತೆ. "ತೋಟದಲ್ಲೂ ಚೆನ್ನಾಗಿ ಬರುತ್ತೆ ಸಾರ್" ಅಂದರು ಕಡ್ಡಿ, ಬೀಜ ಮಾರಿದವರು.

ಬಂತು ಕೂಡ. ಮೊದಲ ಕಟಾವು ನೋಡಿ ನಾನೇ ನಾಲ್ಕು ಜನರಿಗೆ ಹೇಳಿಕೊಂಡು ಬಂದೆ. ಹೊಸ ಕಡ್ಡಿಯ ಒಳಗೆ ಇದ್ದ ಕಸುವು, ಮುಂಗಾರಿನ ಹದ, ಎರಡೂ ಸೇರಿ ಆಡಿಸಿದ ಆಟ ಅದು. ಎರಡನೇ ಕಟಾವಿಗೆ ಹುಲ್ಲು ಬೆರಳು ದಪ್ಪ ಇದ್ದದ್ದು ಪೆನ್ಸಿಲ್ ಆಯ್ತು. ಬೆಳಕು ಹುಡುಕಿಕೊಂಡು ಉದ್ದ ಹೋಗಿ ಬಾಗಿತು. ಅದರ ಬುಡದಲ್ಲಿ ಸ್ಟೈಲೋಗೆ ಗರಿಯ ನೆರಳು ಒಂದು, ಹುಲ್ಲಿನ ನೆರಳು ಇನ್ನೊಂದು. ಎಲೆ ಹಳದಿ, ಕಡ್ಡಿ ನೂಲು.

ಒಂದು ಸ್ಟೈಲೋ ಗಿಡ ಕಿತ್ತು ನೋಡಿದೆ. ಬೇರಿನಲ್ಲಿ ಗಂಟುಗಳು ಸಾಸಿವೆಗಿಂತ ಸಣ್ಣ, ಉಗುರಲ್ಲಿ ಒಡೆದರೆ ಒಳಗೆ ಬಿಳಿಚಿಕೊಂಡಿದ್ದವು. ಬೇಲಿ ಹತ್ತಿರ ಬಿಸಿಲಿಗಿದ್ದ ಗಿಡದ ಗಂಟು ಒಡೆದೆ. ರಕ್ತ ಹಚ್ಚಿದ ಹಾಗೆ ಗುಲಾಬಿ. ಸಾರಜನಕ ಹಿಡಿಯೋದು ಆ ಗುಲಾಬಿ ಗಂಟು ಮಾತ್ರ. ಅದಕ್ಕೆ ಸಕ್ಕರೆ ಕಳಿಸಬೇಕಾದ್ದು ಎಲೆ. ಎಲೆಗೇ ಬಿಸಿಲಿಲ್ಲ ಅಂದ ಮೇಲೆ ಗಂಟಿಗೆ ಎಲ್ಲಿಂದ?

ಇಲ್ಲಿಗೆ ನಿಲ್ಲಿಸಿದ್ದರೆ ಹೋಗಿದ್ದು ಬರೀ ದುಡ್ಡು. ನಾನು ಯೂರಿಯಾ ಎರಚಿದೆ, ಮೋಡ ಮುಚ್ಚಿದ ವಾರದಲ್ಲಿ. ಹುಲ್ಲು ಕಪ್ಪಗೆ ಹಸಿರಾಯ್ತು, ಖುಷಿಯಿಂದ ಎಂಟೇ ದಿನಕ್ಕೆ ಕೊಯ್ದು ಹಸಿದಿದ್ದ ಹಸುವಿಗೆ ಹೊಟ್ಟೆ ತುಂಬಾ ಹಾಕಿದೆ. ಸಂಜೆಗೆ ದೊಡ್ಡ ಹಸು ತೂರಾಡತೊಡಗಿತು, ಏದುಸಿರು. ಡಾಕ್ಟರು ತುಟಿ ಎತ್ತಿ ತೋರಿಸಿದರು, ಒಸಡು ಕಂದು ಬಣ್ಣ. ನೈಟ್ರೇಟ್ ವಿಷ. ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗುತ್ತೆ, ಗಿಡ ಹೀರಿಕೊಂಡ ಅದನ್ನು ಪ್ರೋಟೀನ್ ಮಾಡೋಕೆ ಬಿಸಿಲು ಬೇಕು. ನೆರಳಲ್ಲಿ ಅದು ಕಾಂಡದ ಬುಡದಲ್ಲೇ ಕೂತಿರುತ್ತೆ ಅಂದರು. ನೀಲಿ ಔಷಧಿ ನರಕ್ಕೆ ಕೊಟ್ಟರು, ಬದುಕಿತು. ಹಾಲು ಮಾತ್ರ ತಿಂಗಳಾದರೂ ಮೊದಲಿನಷ್ಟಕ್ಕೆ ಬರಲಿಲ್ಲ.

ತೆಂಗು ಸುಮಾರು 8ರಿಂದ 25 ವರ್ಷದವರೆಗೆ ನೆಲಕ್ಕೆ ಬೆಳಕು ಬಿಡೋದು ತೀರಾ ಕಡಿಮೆ. ಎಳೆ ತೋಟ ಅಥವಾ ಹಳೇ ಎತ್ತರದ ತೋಟ ಆದರೆ ಕಥೆ ಬೇರೆ. ನನ್ನದು ಸರಿಯಾಗಿ ನಡುವಿನದ್ದು, ಇದನ್ನ ಮೊದಲೇ ಯಾರನ್ನಾದರೂ ಕೇಳಬಹುದಿತ್ತು ಅಲ್ವಾ? ಹಾಗಂತ ನೆರಳೆಲ್ಲಾ ಕೆಟ್ಟದ್ದಲ್ಲ. ಬೇಸಿಗೆಯಲ್ಲಿ ತೋಟದೊಳಗಿನ ಹುಲ್ಲು ಹೊರಗಿನದ್ದಕ್ಕಿಂತ ತಡವಾಗಿ ಒಣಗಿತು, ತೇವ ನಿಲ್ಲುತ್ತೆ. ಆದರೆ ಅದಕ್ಕೆ ನೆರಳು ತಡೆಯೋ ಜಾತಿ ಬೇಕು.

ಈಗ ಒಳಗೆ ಗಿನಿ ಹುಲ್ಲು, ಜೊತೆಗೆ ಸೆಂಟ್ರೋಸೀಮಾ ಅನ್ನೋ ದ್ವಿದಳ ಮೇವಿನ ಬಳ್ಳಿ. ಬಳ್ಳಿ ಚಿಗುರಲಿ ಅಂತ ಬುಡ ಸವರದೆ ಗೇಣು ಬಿಟ್ಟು ಕೊಯ್ಯುತ್ತೇನೆ. ಸ್ಟೈಲೋ ಪೂರ್ವದ ಬೇಲಿಗುಂಟ ಬಿಸಿಲು ಬೀಳೋ ಕಡೆ ಮಾತ್ರ. ಕಡ್ಡಿ ಮಾರಿದವರಿಗೆ ಫೋನ್ ಮಾಡಿದ್ದೆ. "ಗೊಬ್ಬರ ಸಾಲದೆ ಹಾಗಾಗಿದೆ ಸಾರ್, ಇನ್ನೊಂದು ಸಲ ಯೂರಿಯಾ ಕೊಡಿ" ಅಂದರು.